ಊಟದ ಕರೆಗೆ ಬಂದ ಹಕ್ಕಿಗಳು

ಮೊದಲ ಮೊಟ್ಟೆ ಕಂಡ ಬೆಳಿಗ್ಗೆಯೇ ಜೆಟ್ಟಿಯ ಕೆಲಸ ನಿಂತಿತು. ಕ್ರೇನ್ ನಡೆಸುವವನು ಚಹಾದ ಲೋಟ ಹಿಡಿದುಕೊಂಡೇ ಬಂದು, ದ್ವೀಪದ ನಡುವಿನ ಬಯಲಿನಲ್ಲಿ ಬಿಳಿ ಹಕ್ಕಿಗಳು ಕೂತಿವೆ, ಹತ್ತಿರ ಹೋದರೂ ಏಳುತ್ತಿಲ್ಲ ಎಂದ. ನಾನು ದುರ್ಬೀನು ತೆಗೆದುಕೊಂಡು ಹೋಗಿ ನೋಡಿದೆ. ಒಂದು ಹಕ್ಕಿ ಎದ್ದು ಮೈ ಕೊಡವಿ ಮತ್ತೆ ಕೂರುವಷ್ಟರಲ್ಲಿ ಅದರ ಹೊಟ್ಟೆಯಡಿ ಕಂದು ಚುಕ್ಕೆಗಳ ಮೊಟ್ಟೆಯೊಂದು ಕಂಡಿತು. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ನೆಲ. ಅವು ರೀವ ಹಕ್ಕಿಗಳು. ಬೆನ್ನು ಬೂದು, ಹೊಟ್ಟೆ ಬಿಳಿ, ಕೊಕ್ಕು ಕಿತ್ತಳೆ, ತಲೆಯ ಹಿಂದೆ ಕೆದರಿದ ಕರಿ ಜುಟ್ಟು.

ಅಬುಧಾಬಿ ಸೀಮೆಯ ರುವೈಸ್ ಪಟ್ಟಣದ ಕಡಲಾಚೆ, ಬೆಳಗಿನ ಜಾವ ಬೋಟು ಹತ್ತಿದರೆ ಬಿಸಿಲು ಚುರುಗುಟ್ಟುವ ಮೊದಲು ತಲುಪಬಹುದಾದ ಸಣ್ಣ ದ್ವೀಪ ಅದು. ಮರವಿಲ್ಲ, ಸಿಹಿನೀರಿಲ್ಲ. ಹಳೆಯ ಜೆಟ್ಟಿಯನ್ನು ಗಟ್ಟಿ ಮಾಡಿ, ಹಡಗುಗಳಿಗೆ ದಾರಿ ತೋರುವ ದೀಪದ ಕಂಬ ಹೊಸದಾಗಿ ನಿಲ್ಲಿಸುವುದು ನಮ್ಮ ಕಂಪೆನಿಯ ಗುತ್ತಿಗೆ. ನೌಕಾಪಡೆಯಿಂದ ನಿವೃತ್ತನಾಗಿ ಬಂದ ನಾನು ಅಲ್ಲಿ ಕ್ಯಾಂಪ್ ಬಾಸ್. ಕೂಲಿಯವರ ಊಟ, ನೀರು, ಮಲಗುವ ಕ್ಯಾಬಿನ್, ಜನರೇಟರು, ಕಸ, ಇವೆಲ್ಲ ನನ್ನ ಪಾಲು. ಹಕ್ಕಿಗಳು ಬರುವ ಮೊದಲೇ ಮುಗಿಯಬೇಕಿದ್ದ ಕೆಲಸ ಶಮಾಲ್ ಗಾಳಿಯಿಂದ ಸಾಮಾನು ಹೊರುವ ಬಾರ್ಜು ತಡವಾಗಿ ಬೇಸಿಗೆಗೆ ಬಿದ್ದಿತ್ತು. ಮೊಟ್ಟೆ ಕಂಡರೆ ಕೆಲಸ ಬಂದ್ ಎಂಬುದು ಪರವಾನಗಿಯ ಷರತ್ತು. ನಾನು ಕ್ರೇನಿನ ಎಂಜಿನ್ ಆರಿಸಲು ಹೇಳಿ ರುವೈಸಿನ ಕಚೇರಿಗೆ ಫೋನ್ ಮಾಡಿದೆ.

ಎರಡು ದಿನದಲ್ಲಿ ಕೂಲಿಯವರನ್ನೆಲ್ಲ ಸಣ್ಣ ಸಣ್ಣ ತಂಡ ಮಾಡಿ, ಸದ್ದಿಲ್ಲದೆ ದಕ್ಷಿಣದ ದಡದಿಂದಲೇ ಬೋಟು ಹತ್ತಿಸಿ ಕಳಿಸಿದೆವು. ಕ್ರೇನು, ಸಿಮೆಂಟು, ಡೀಸೆಲ್ ಅಲ್ಲೇ ಉಳಿದವು. ಅವನ್ನು ಒಯ್ಯಬೇಕಾದರೆ ಬಾರ್ಜು ಬರಬೇಕು. ಬಾರ್ಜು ಬಂದರೆ ಹಕ್ಕಿಗಳು ಎದ್ದು ಹೋಗುವುದು ಖಚಿತ. ಹಾಗಾಗಿ ಸಾಮಾನು ಕಾಯಲು ಮೂವರು ಉಳಿದೆವು: ನಾನು, ಅಡುಗೆಯವ, ಬೋಟಿನವ. ಅಡುಗೆಯವನು ಮಲ್ಪೆಯ ಮೀನುಗಾರರ ಮನೆಯವನು. ಹಡಗಿನ ವಾಡಿಕೆಯಂತೆ ಅವನನ್ನು ಎಲ್ಲರೂ ಭಂಡಾರಿ ಎನ್ನುತ್ತಿದ್ದರು. ಬೋಟಿನವರು ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಸ್ವಲ್ಪವೇ ಚಿಕ್ಕವರು. ಅವರನ್ನು ಗಲ್ಫಿನ ಮಾತಿನಲ್ಲಿ ನಾಖುದಾ ಎಂದು ಕರೆಯುತ್ತಿದ್ದೆವು.

ನಾಲ್ಕನೆಯವಳಾಗಿ ಹಕ್ಕಿತಜ್ಞೆ ಬಂದಳು. ಮಂಗಳೂರಿನ ತಂದೆತಾಯಿಗೆ ದುಬೈಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಪರಿಸರ ಇಲಾಖೆಯವರ ಪರವಾಗಿ ಹಕ್ಕಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಬ್ಬಳೇ ಜವಾಬ್ದಾರಿ ಹೊತ್ತದ್ದು ಅದೇ ಮೊದಲು. ಬೋಟಿನಿಂದ ಇಳಿದವಳು ಮೊದಲು ಕೇಳಿದ್ದು ತನ್ನ ಕ್ಯಾಬಿನ್ ಎಲ್ಲಿ ಎಂದಲ್ಲ.

"ಅಂಕಲ್, ಜನರೇಟರ್ ಯಾವಾಗ ಆಫ್ ಮಾಡ್ತೀರಿ?"

"ಮಾಡುವುದಿಲ್ಲ. ಮಾಡಿದರೆ ಫ್ರೀಜರ್ ಹೋಗುತ್ತದೆ."

"ಗುಡ್. ಮಾಡ್ಲೇಬೇಡಿ. ಒಂದೇ ಥರದ ಸೌಂಡ್ ಇದ್ರೆ ಅವಕ್ಕೆ ಓಕೆ. ಸಡನ್ ಆಗಿ ಏನಾದ್ರೂ ಆದ್ರೆ ಪ್ರಾಬ್ಲಮ್."

ಆ ಮಾತು ನನಗೆ ಹಿಡಿಸಿತು. ಏರುಪೇರಿಲ್ಲದ ದಿನಚರಿ ಬೇಕು ಎನ್ನುವ ಪ್ರಾಣಿ ನಾನೊಬ್ಬನೇ ಅಲ್ಲ ಎನಿಸಿತು.

ಅವಳು ಹಾಕಿದ ನಿಯಮಗಳು ಕಡಿಮೆ, ಆದರೆ ಸಡಿಲವಿಲ್ಲದವು. ಕ್ಯಾಂಪಿಗೂ ಬಯಲಿಗೂ ನಡುವೆ ಹಗ್ಗ. ಹಗ್ಗದಾಚೆ ಅವಳೊಬ್ಬಳೇ, ಅದೂ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಮಾತ್ರ. ಹೊಳೆಯುವ ಹಳದಿ ಜಾಕೆಟ್ ಬೇಡ. ಹಕ್ಕಿಗಳ ಅಂಚಿನಿಂದ ದೂರದಲ್ಲಿ ಮರಳಿನ ಬಣ್ಣದ ಕ್ಯಾನ್ವಾಸಿನ ಒಂದು ಮರೆ ಕಟ್ಟಿ, ಅದರೊಳಗೆ ಕೂತು ಕಿಂಡಿಯಿಂದ ನೋಡುತ್ತಿದ್ದಳು. ಮಧ್ಯಾಹ್ನ ಯಾಕೆ ಹೋಗಬಾರದು ಎಂದು ನಾಖುದಾ ಕೇಳಿದಾಗ ಅವಳು ಕಬ್ಬಿಣದ ಒಂದು ತಗಡನ್ನು ತೋರಿಸಿದಳು.

"ಇದರ ಮೇಲೆ ಕೈ ಇಡಿ, ನೋಡುವಾ."

"ನಾನೇನು ಹುಚ್ಚನಾ ಮೇಡಂ?"

"ನೆಲವೂ ಹಾಗೇ. ಅಮ್ಮ ಐದು ನಿಮಿಷ ಎದ್ದು ಹೋದ್ರೆ ಮೊಟ್ಟೆ ಬೆಂದುಹೋಗ್ತದೆ. ಹಕ್ಕಿ ಕೂರೋದು ಬಿಸಿ ಕೊಡ್ಲಿಕ್ಕಲ್ಲ, ನೆರಳು ಕೊಡ್ಲಿಕ್ಕೆ."

ಅದನ್ನು ನಾನೂ ದುರ್ಬೀನಿನಲ್ಲಿ ನೋಡಿದೆ. ಗಂಡು ಹೆಣ್ಣು ಸರದಿಯಲ್ಲಿ ಕೂರುತ್ತಿದ್ದವು. ಸರದಿ ಬಿಟ್ಟದ್ದು ಕಡಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು, ಒದ್ದೆ ಹೊಟ್ಟೆಯನ್ನು ಮೊಟ್ಟೆಗೆ ಒತ್ತುತ್ತಿತ್ತು. ಸಾಲಿನಲ್ಲಿ ಒಂದಕ್ಕೊಂದು ಕೊಕ್ಕು ತಾಗುವಷ್ಟೇ ಅಂತರ. ಅಷ್ಟು ಹಕ್ಕಿಗಳಿದ್ದರೂ ಜಾಗದ ಗಡಿ ದಾಟಿದವು ಕಡಿಮೆ, ದಾಟಿದರೆ ಪಕ್ಕದ ಹಕ್ಕಿಯ ಕೊಕ್ಕಿನ ಏಟು.

ನಮ್ಮ ಕ್ಯಾಂಪಿನಲ್ಲೂ ಒಂದು ಕ್ರಮ ಇತ್ತು. ಸೂರ್ಯ ಏಳುವ ಮೊದಲು ಗುಡಿಸುವುದು, ಟ್ಯಾಂಕಿನ ನೀರು ಅಳೆಯುವುದು, ಡೀಸೆಲ್ ನೋಡುವುದು, ಬೋಟಿನ ಹಗ್ಗ ಪರೀಕ್ಷಿಸುವುದು. ಹನ್ನೆರಡು ಗಂಟೆಗೆ ಊಟ. ಕೂಲಿಯವರು ದ್ವೀಪದ ತುಂಬ ಚದುರಿ ಕೆಲಸ ಮಾಡುತ್ತಿದ್ದಾಗ ಅವರನ್ನು ಕರೆಯಲು ಭಂಡಾರಿ ಬಿರಿಯಾನಿ ಪಾತ್ರೆಯ ದೊಡ್ಡ ಮುಚ್ಚಳವನ್ನು ಸೌಟಿನಿಂದ ಬಡಿಯುತ್ತಿದ್ದ. ನಾಲ್ಕೇ ಜನ ಉಳಿದ ಮೇಲೂ ಬಡಿಯಬೇಕೆಂದು ಹೇಳಿದೆ. ಜನ ಕಡಿಮೆಯಾದಾಗಲೇ ಶಿಸ್ತು ಮೊದಲು ಸಡಿಲುವುದು ಎಂಬುದು ನೌಕಾಪಡೆಯಲ್ಲಿ ಕಲಿತ ಪಾಠ. ತಜ್ಞೆಯೂ ಬೇಡ ಎನ್ನಲಿಲ್ಲ. ಹಕ್ಕಿಗಳು ಬರುವ ಮೊದಲಿನಿಂದ ಇದ್ದ ಸದ್ದು, ಅವಕ್ಕೆ ಅಭ್ಯಾಸವಾಗಿದೆ ಎಂದಳು.

ಮುಚ್ಚಳ ಬಡಿಯುವ ಮೊದಲು ಭಂಡಾರಿ ಇನ್ನೊಂದು ಕೆಲಸ ಮಾಡುತ್ತಿದ್ದ. ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ, ಬಾಳೆಲೆ ಇಲ್ಲದ ಕಾರಣ ಫಾಯಿಲ್ ಹಾಳೆಯನ್ನೇ ಎಲೆಯಂತೆ ಮಡಿಸಿ, ಒಂದು ಹಿಡಿ ಅನ್ನ, ಸ್ವಲ್ಪ ಮೀನು ಗಸಿ ಇಟ್ಟು ಕೈಮುಗಿಯುತ್ತಿದ್ದ. ಅವನ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ವೀಸಾ ನವೀಕರಣಕ್ಕೆ ಪಾಸ್‌ಪೋರ್ಟ್ ಹೋಗಿದ್ದರಿಂದ ಊರಿಗೆ ಹೋಗಲಾಗಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜವನ್ನು ತಮ್ಮ ಮಾಡಿದ. ಕಾಗೆಗೆ ಎಡೆ ಇಡುವುದೊಂದನ್ನು ಇವನು ದಿನವೂ ಇಲ್ಲಿಂದಲೇ ನಡೆಸುತ್ತಿದ್ದ. ದ್ವೀಪದಲ್ಲಿ ಕಾಗೆ ಇರಲಿಲ್ಲ. ಇದ್ದದ್ದು ಮಸಿಬಣ್ಣದ ತಲೆಯ ಗಲ್ ಎಂಬ ಕಡಲಹಕ್ಕಿಗಳು. ಅವು ಬಂದು ಎಡೆ ಎತ್ತುತ್ತಿದ್ದವು.

"ತಲೆ ಕಪ್ಪುಂಟಲ್ಲ ಸಾರ್, ಸಾಕು," ಎನ್ನುತ್ತಿದ್ದ ಭಂಡಾರಿ. "ಅಪ್ಪ ಅಷ್ಟೆಲ್ಲ ನೋಡುವವ ಅಲ್ಲ."

ಎಡೆಯ ಜೊತೆಗೆ ಮೀನಿನ ತಲೆ, ಕರುಳು, ಉಳಿದ ಅನ್ನವನ್ನೂ ಅವನು ಅಲ್ಲೇ ಎಸೆಯಲು ಶುರುಮಾಡಿದ. ಗಲ್‌ಗಳು ಒಂದು ಚೂರು ಬಿಡದೆ ತಿನ್ನುತ್ತಿದ್ದವು. ನೆಲ ಸ್ವಚ್ಛ, ನೊಣವಿಲ್ಲ. ನಾನು ಸುಮ್ಮನಿದ್ದೆ.

ಮೊಟ್ಟೆಗಳು ಮಾಯವಾಗುತ್ತಿವೆ ಎಂದು ತಜ್ಞೆ ಹೇಳಿದ್ದು ಜೂನ್ ಹಿಡಿದ ಮೇಲೆ. ನಸುಕಿನಲ್ಲಿ ಮೊಟ್ಟೆಯ ಮೇಲೆ ಕೂತಿದ್ದ ಅಂಚಿನ ಹಕ್ಕಿಗಳು ಸಂಜೆ ಬರಿ ನೆಲದ ಮೇಲೆ ಕೂತಿರುತ್ತಿದ್ದವು. ಮರುದಿನ ಅಲ್ಲಿ ಹಕ್ಕಿಯೂ ಇರುತ್ತಿರಲಿಲ್ಲ. ಒಂದೆರಡು ಹೋಗುವುದು ಸಹಜ ಎಂದವಳು, ಮೂರನೆಯ ಸಂಜೆ ಊಟದ ಮೇಜಿನಲ್ಲೇ ಖಾಲಿಯಾದ ಜಾಗಗಳನ್ನು ಎಣಿಸುತ್ತ ಕೂತಳು. ಮರುದಿನ ನಸುಕಿನಲ್ಲಿ ನೀರಿನ ಕ್ಯಾನು, ಖರ್ಜೂರ, ಒದ್ದೆ ಬಟ್ಟೆ ತೆಗೆದುಕೊಂಡು ಮರೆಯೊಳಗೆ ಹೋದವಳು ಇಡೀ ಹಗಲು ಹೊರಗೆ ಬರಲಿಲ್ಲ. ಆ ಬಿಸಿಲಲ್ಲಿ ಕ್ಯಾನ್ವಾಸಿನೊಳಗೆ ಕೂರುವುದು ಸಣ್ಣ ಮಾತಲ್ಲ. ಸಂಜೆ ಮುಖ ಕೆಂಪಾಗಿ, ತುಟಿ ಒಡೆದು ಬಂದಳು. ನಾನು ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟಳು.

"ಅಂಕಲ್, ಆ ಮುಚ್ಚಳ ಹೊಡಿಲಿಕ್ಕೆ ಹೇಳಿದ್ದು ಯಾರು?"

"ನಾನು."

"ಕರೆಕ್ಟಾಗಿ ಹನ್ನೆರಡಕ್ಕೆ?"

"ಹೌದು."

"ಗಲ್‌ಗಳಿಗೂ ಗೊತ್ತುಂಟು. ಐದು ನಿಮಿಷ ಮೊದಲೇ ಬಂದು ರೂಫ್ ಮೇಲೆ ಲೈನ್ ಆಗಿ ಕೂರ್ತವೆ."

ಅವಳು ಕಂಡದ್ದು ಇದು. ಮೊದಲೆಲ್ಲ ಗಲ್‌ಗಳು ಒಂಟಿಯಾಗಿ ಬರುತ್ತಿದ್ದವು. ಒಂಟಿ ಗಲ್ ಹಕ್ಕಿಯನ್ನು ರೀವಗಳು ಎದ್ದು ಅಟ್ಟಿಬಿಡುತ್ತಿದ್ದವು. ಈಗ ಮುಚ್ಚಳದ ಸದ್ದಿಗೆ ದ್ವೀಪದ ಎಲ್ಲ ಮೂಲೆಗಳಿಂದ, ಬಹುಶಃ ಪಕ್ಕದ ದ್ವೀಪದಿಂದಲೂ, ಒಟ್ಟಿಗೆ ಬರುತ್ತವೆ. ಎಡೆ ಮುಗಿಯುತ್ತದೆ, ಮೀನಿನ ತಲೆ ಮುಗಿಯುತ್ತದೆ, ಸಿಗದವು ಉಳಿಯುತ್ತವೆ. ಅವೆಲ್ಲ ಗುಂಪಾಗಿಯೇ ಬಯಲಿನ ಮೇಲೆ ಹಾಯುತ್ತವೆ. ನಾಲ್ಕು ಒಂದು ಕಡೆ ಗಲಾಟೆ ಎಬ್ಬಿಸಿದರೆ ಐದನೆಯದು ಇನ್ನೊಂದು ಕಡೆಯಿಂದ ಮೊಟ್ಟೆ ಎತ್ತುತ್ತದೆ. ಅದೂ ರೀವಗಳು ಏಳಲೇಬಾರದ ನಡುಮಧ್ಯಾಹ್ನ.

ಭಂಡಾರಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡ.

"ನಾಳೆಯಿಂದ ಹೊರಗೆ ಒಂದು ಅಗುಳೂ ಬೇಡ," ಎಂದಳು ತಜ್ಞೆ. "ಕಸ ಎಲ್ಲ ಡ್ರಮ್ಮಿನಲ್ಲಿ. ಮುಚ್ಚಳ ಇಲ್ಲ. ಖಲಾಸ್."

"ಎಡೆ?" ಎಂದ ಭಂಡಾರಿ.

"ಅದೂ."

"ನನ್ನ ಅಪ್ಪನಿಗೂ ಪರ್ಮಿಟ್ ಬೇಕಾ ಮೇಡಂ?"

ನಾನು ಮೇಲಧಿಕಾರಿಯ ಧ್ವನಿಯಲ್ಲಿ, ಮೇಡಂ ಹೇಳಿದಂತೆ ಆಗಬೇಕು ಎಂದೆ. ಭಂಡಾರಿ ಒಳಗೆ ಹೋದ. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ಮರುದಿನ ಹನ್ನೆರಡಕ್ಕೆ ಗಲ್‌ಗಳು ತಾರಸಿಯ ಮೇಲೆ ಬಂದು ಕೂತವು. ಸದ್ದಿಲ್ಲ, ಊಟವಿಲ್ಲ. ಅವು ಕೆಳಗಿಳಿದು ಆ ಕಲ್ಲನ್ನು ಕುಕ್ಕಿದವು, ಬಾಗಿಲ ತನಕ ನಡೆದು ಬಂದು ನೋಡಿದವು. ಆಮೇಲೆ ಒಂದರ ಹಿಂದೊಂದು ಎದ್ದು ಬಯಲಿಗೆ ಹೋದವು. ಈ ಸಲ ಹಾಯ್ದು ಹೋಗಲಿಲ್ಲ, ಅಂಚಿನಲ್ಲೇ ಇಳಿದು ನಿಂತವು. ನಾನು ಹಗ್ಗದ ಈಚೆ ನಿಂತು ದುರ್ಬೀನಿನಲ್ಲಿ ನೋಡಿದೆ. ರೀವಗಳು ಬಿಳಿ ಹೊಗೆಯಂತೆ ಮೇಲೇಳುವುದು, ಕೂರುವುದು, ಮತ್ತೆ ಏಳುವುದು. ಓಡಿಹೋಗಿ ಗಲ್‌ಗಳನ್ನು ಅಟ್ಟಬೇಕೆಂದು ಕಾಲು ತುಡಿಯುತ್ತಿತ್ತು. ಮನುಷ್ಯ ಅಲ್ಲಿಗೆ ಕಾಲಿಟ್ಟರೆ ಎಲ್ಲ ರೀವಗಳೂ ಏಳುತ್ತವೆ, ಮೊಟ್ಟೆಗಳೆಲ್ಲ ಬಿಸಿಲಿಗೆ ಬೀಳುತ್ತವೆ. ತಜ್ಞೆ ನನ್ನ ಪಕ್ಕದಲ್ಲೇ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಇಳಿಹೊತ್ತಿನ ತನಕ ಹಾಗೇ ನಡೆಯಿತು. ಮರುದಿನವೂ ಅದೇ. ಬಯಲಿನ ಪೂರ್ವದ ಅಂಚು ಖಾಲಿಯಾಯಿತು.

ಆ ಸಂಜೆ ಅವಳು ಜೆಟ್ಟಿಯ ಮೇಲೆ ಕೂತಿದ್ದಳು. ನಾಖುದಾ ಬಲೆ ಹೊಲಿಯುತ್ತಿದ್ದರು, ಭಂಡಾರಿ ಆಚೆ ತುದಿಯಲ್ಲಿ ಪಾತ್ರೆ ತೊಳೆಯುತ್ತಿದ್ದ.

"ಇನ್ನೆರಡು ದಿನ ಹೀಗಾದ್ರೆ ಎಲ್ಲಾ ಒಟ್ಟಿಗೆ ಎದ್ದು ಹೋಗ್ತವೆ ಅಂಕಲ್. ಸ್ಟೂಡೆಂಟ್ ಆಗಿದ್ದಾಗ ಬೇರೆ ಐಲೆಂಡಲ್ಲಿ ನೋಡಿದ್ದೇನೆ. ಬೆಳಿಗ್ಗೆ ಹೋದ್ರೆ ಮೊಟ್ಟೆಗಳು ಮಾತ್ರ ಬಿದ್ದಿದ್ವು. ಹಕ್ಕಿ ಒಂದೂ ಇಲ್ಲ. ಮರುವರ್ಷವೂ ಬರಲಿಲ್ಲ."

"ಬೇರೆ ಕಡೆ ಮೊಟ್ಟೆ ಇಡುವುದಿಲ್ಲವೇ?"

"ಬೇರೆ ಕಡೆ ಎಲ್ಲುಂಟು? ಎಲ್ಲಾ ಕಡೆ ಜೆಟ್ಟಿ, ರಿಸಾರ್ಟ್, ನಾಯಿ, ಬೆಕ್ಕು."

ನನಗೆ ನೌಕಾಪಡೆಯ ದಿನಗಳು ನೆನಪಾದವು. ಹಡಗಿನಲ್ಲಿ ಊಟಕ್ಕೆ ನಿಂತ ಸಾಲು ದಾರಿಗೆ ಅಡ್ಡವಾದರೆ ಹೊಸಬನಾದ ಅಧಿಕಾರಿ ಸಾಲಿಗೆ ಬೈಯುತ್ತಾನೆ. ಅನುಭವಸ್ಥ ಸಾಲನ್ನು ಮುಟ್ಟುವುದಿಲ್ಲ, ಪಾತ್ರೆಯನ್ನು ಬೇರೆ ಕಡೆ ಇಡಿಸುತ್ತಾನೆ. ಸಾಲು ತಾನೇ ಸರಿಯುತ್ತದೆ. ನಾವು ಸಾಲನ್ನು ಹಾಗೇ ಬಿಟ್ಟು ಪಾತ್ರೆಯನ್ನು ಕಿತ್ತುಕೊಂಡಿದ್ದೆವು.

"ಪಶ್ಚಿಮಕ್ಕೆ ಇಳಿತದಲ್ಲಿ ಮೇಲೇಳುವ ಮರಳದಿಬ್ಬ ಒಂದುಂಟಲ್ಲ," ಎಂದು ನಾಖುದಾರನ್ನು ಕೇಳಿದೆ. "ಅಲ್ಲಿಗೆ ಬೋಟು ಹೋಗುತ್ತದೆಯೇ?"

"ಹೋಗ್ತದೆ. ಪೂರ್ತಿ ಮುಳುಗುದಿಲ್ಲ ಅದು. ಎಂತಕ್ಕೆ?"

"ಮುಚ್ಚಳ ಅಲ್ಲಿ ಬಡಿಯೋಣ."

ತಜ್ಞೆ ನನ್ನತ್ತ ತಿರುಗಿದಳು. "ಸೀರಿಯಸ್ಲಿ? ನಾನು ಗಲ್‌ಗಳಿಗೆ ಲಂಚ್ ಹಾಕುವ ಬಯಾಲಜಿಸ್ಟ್ ಆಗಬೇಕಾ?"

"ಈಗಾಗಲೇ ಹಾಕಿ ಆಗಿದೆ. ಜಾಗ ಮಾತ್ರ ತಪ್ಪು."

"ಅದು ಇನ್ನಷ್ಟು ಗಲ್‌ಗಳನ್ನ ಕರೀತದೆ. ಈಗ ಸರಿ ಅನಿಸ್ತದೆ, ಒಂದು ತಿಂಗಳಿಗೆ ಡಬಲ್ ಆಗಿರ್ತದೆ. ಓದಿದ್ದೇನೆ ನಾನು."

ಅವಳ ವಾದ ಸರಿಯಾಗಿತ್ತು. ನಾಖುದಾ ಸೂಜಿಯನ್ನು ಬಲೆಯಲ್ಲಿ ಚುಚ್ಚಿಟ್ಟು, "ರಂಜಾನ್ ಉಪವಾಸ ಬಿಟ್ಟ ದಿನ ಹೊಟ್ಟೆ ತುಂಬ ತಿಂದರೆ ಕೆಡ್ತದೆ ಮೇಡಂ. ಮೆಲ್ಲ ಮೆಲ್ಲ ಅಭ್ಯಾಸ ಮಾಡಬೇಕು. ಬಿಡಿಸುವಾಗಲೂ ಹಾಗೇ," ಎಂದರು. ಅವಳು ಎದ್ದು ಸಿಗ್ನಲ್ ಚೆನ್ನಾಗಿ ಸಿಗುವ ಬಂಡೆಯ ಮೇಲೆ ಹೋಗಿ ಅಬುಧಾಬಿಯ ತನ್ನ ಹಿರಿಯರಿಗೆ ಫೋನ್ ಮಾಡಿದಳು. ತುಂಬ ಹೊತ್ತು ಮಾತಾಡಿ ಬಂದಳು. ಅಲ್ಲಿಂದ ಹೌದೂ ಇಲ್ಲ, ಅಲ್ಲವೂ ಇಲ್ಲ. ಸ್ಥಳದಲ್ಲಿರುವವಳು ನೀನು, ನಿರ್ಧಾರ ನಿನ್ನದೇ ಎಂದಿದ್ದರಂತೆ.

"ಮಾಡುವಾ," ಎಂದಳು. "ಆದರೆ ನನ್ನ ಕಂಡೀಷನ್. ಮೊದಲ ದಿನ ಎಷ್ಟೋ ಅಷ್ಟೇ, ಆಮೇಲೆ ದಿನಾ ಕಡಿಮೆ. ಮರಿಗಳು ಓಡಾಡುವಷ್ಟು ದೊಡ್ಡದಾದಾಗ ಝೀರೋ. ಮೀನಿನ ವೇಸ್ಟ್ ಮಾತ್ರ. ಅನ್ನ ಬೇಡ."

ಮೂವರೂ ಭಂಡಾರಿಯನ್ನು ನೋಡಿದೆವು. ಅವನು ಎರಡು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

"ಒಂದು ಹಿಡಿ," ಎಂದ. "ಅದು ಗಲ್‌ಗಳಿಗಲ್ಲ."

"ಒಂದು ಹಿಡಿ ಓಕೆ," ಎಂದಳು ತಜ್ಞೆ.

"ದಿಬ್ಬದಲ್ಲಿ ಇಟ್ಟರೆ ಆಗ್ತದಾ ನಿನ್ನ ಅಪ್ಪನಿಗೆ?" ನಾಖುದಾ ಕೇಳಿದರು.

"ಬದುಕಿದ್ದಾಗಲೂ ಅವ ಮಧ್ಯಾಹ್ನದ ಊಟ ದಡದಲ್ಲಿ ಮಾಡಿದವ ಅಲ್ಲ ಬ್ಯಾರಿಗಳೇ. ದೋಣಿಯಲ್ಲೇ ಗಂಜಿ. ಅಲ್ಲಿಯೇ ಅವನಿಗೆ ಹೆಚ್ಚು ಸರಿ."

ಮೊದಲ ದಿನ ಕೆಲಸ ಕೆಟ್ಟಿತು. ನಾವು ನೇರ ದಿಬ್ಬಕ್ಕೆ ಹೋಗಿ ಅಲ್ಲಿಂದ ಬಡಿದೆವು. ಸದ್ದು ದ್ವೀಪಕ್ಕೆ ಮುಟ್ಟಲೇ ಇಲ್ಲ. ಗಲ್‌ಗಳು ಅಡುಗೆಮನೆಯ ತಾರಸಿಯ ಮೇಲೆ ಕಾದು ಕೂತು, ಬಯಲಿಗೇ ಹೋದವು. ಎರಡನೆಯ ದಿನ ಕ್ರಮ ಬದಲಿಸಿದೆವು. ಹನ್ನೆರಡಕ್ಕೆ ಸರಿಯಾಗಿ, ಅಡುಗೆಮನೆಯ ಹಿಂದಿನಿಂದಲೇ ಭಂಡಾರಿ ಬಡಿಯಲು ಶುರುಮಾಡುವುದು, ಬಡಿಯುತ್ತಲೇ ಜೆಟ್ಟಿಗೆ ನಡೆಯುವುದು, ಅಲ್ಲಿ ನಾನು ಮುಚ್ಚಳ ಕೈಗೆ ತೆಗೆದುಕೊಂಡು ಬೋಟಿನ ಹಿಂಬದಿಯಲ್ಲಿ ಕೂರುವುದು, ನಾಖುದಾ ಎಂಜಿನನ್ನು ಅತಿ ನಿಧಾನದಲ್ಲಿ ಇಡುವುದು, ಭಂಡಾರಿ ಆಗಾಗ ಒಂದು ಮೀನಿನ ತಲೆ ನೀರಿಗೆ ಎಸೆಯುವುದು.

ಗಲ್‌ಗಳು ಮೊದಲು ತಾರಸಿಯಿಂದ ಕತ್ತು ಚಾಚಿದವು. ಒಂದು ಎದ್ದಿತು. ಮೊದಲ ತಲೆ ಅದಕ್ಕೆ ಸಿಕ್ಕಿತು. ಅದರ ಕೂಗಿಗೆ ಉಳಿದವು ಎದ್ದವು. ನಾನು ಬಿಳಿ ಮೀಸೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಉರಿಬಿಸಿಲಲ್ಲಿ ಕಡಲ ಮಧ್ಯೆ ಬಿರಿಯಾನಿ ಮುಚ್ಚಳ ಬಡಿಯುತ್ತಿದ್ದೆ. ಹಿಂದೆ ಗಲ್‌ಗಳ ಮೆರವಣಿಗೆ.

"ಸಾರ್," ಎಂದರು ನಾಖುದಾ ಚುಕ್ಕಾಣಿಯಿಂದ, "ಊರಲ್ಲಿ ಯಾರಾದ್ರೂ ನೀವು ಗಲ್ಫಲ್ಲಿ ಎಂತ ಕೆಲಸ ಅಂತ ಕೇಳಿದ್ರೆ ಎಂತ ಹೇಳ್ತೀರಿ?"

"ಕೇಟರಿಂಗ್."

ಭಂಡಾರಿ ಅಷ್ಟು ದಿನಗಳ ನಂತರ ನಕ್ಕ.

ದಿಬ್ಬದಲ್ಲಿ ಅವನು ಮೊದಲು ಫಾಯಿಲ್ ಎಲೆ ಇಟ್ಟು ಕೈಮುಗಿದ. ಆಮೇಲೆ ಮೀನಿನ ಬಕೆಟ್ಟು ಸುರಿದ. ತಿಂದು ಮುಗಿಸಿದ ಗಲ್‌ಗಳು ಅಲ್ಲೇ ನೀರಂಚಿನಲ್ಲಿ ಗರಿ ತಿದ್ದಿಕೊಳ್ಳುತ್ತ ಕೂತವು. ನಾವು ಹಿಂದಿರುಗಿದಾಗ ತಜ್ಞೆ ಹಗ್ಗದ ಬಳಿ ಇದ್ದಳು. ಬಯಲು ನಿಶ್ಶಬ್ದವಾಗಿತ್ತು. ಅವಳು ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ದುರ್ಬೀನಿಗೆ ಕಣ್ಣಿಟ್ಟಳು.

ಆಮೇಲಿನ ದಿನಗಳು ಒಂದರಂತೆ ಒಂದು ಸಾಗಿದವು. ಬಕೆಟ್ಟು ಹಗುರವಾಗುತ್ತ ಬಂತು. ಅಂಚಿನ ಮೊಟ್ಟೆಗಳು ಉಳಿದವು. ಬೇರೆಲ್ಲೋ ಮೊಟ್ಟೆ ಕಳೆದುಕೊಂಡ ಜೋಡಿಗಳು ಇರಬೇಕು, ಖಾಲಿಯಾಗಿದ್ದ ಪೂರ್ವದ ಅಂಚಿನಲ್ಲಿ ಹೊಸ ಹಕ್ಕಿಗಳೂ ಬಂದು ಕೂತವು. ಆಮೇಲೆ ಶಮಾಲ್ ಬೀಸಿತು.

ವಾಯವ್ಯದಿಂದ ಬರುವ ಆ ಗಾಳಿಗೆ ಬೋಟು ಬಿಡುವಂತಿಲ್ಲ. ನಾಖುದಾ ಎರಡು ಹಗ್ಗ ಹೆಚ್ಚಿಗೆ ಬಿಗಿದು, ಅರಬ್ಬಿಯಲ್ಲಿ ಮಾಫಿ, ಅಂದರೆ ಇಲ್ಲ, ಇವತ್ತು ಕಡಲಿಲ್ಲ ಎಂದರು. ಹನ್ನೆರಡಾಗುತ್ತ ಬಂದಿತ್ತು. ಗಲ್‌ಗಳು ಗಾಳಿಗೆ ತಲೆ ತಗ್ಗಿಸಿ ತಾರಸಿಯ ಮೇಲೆ ಬಂದಿದ್ದವು. ನಾನೂ ಭಂಡಾರಿಯೂ ಬಕೆಟ್ಟು ಹೊತ್ತು ದ್ವೀಪದ ಉತ್ತರದ ತುದಿಗೆ ಕಾಲುನಡಿಗೆಯಲ್ಲಿ ಹೊರಟೆವು. ರೀವಗಳ ಕಣ್ಣಿಗೆ ಬೀಳದಂತೆ ಹೋಗಬೇಕಾದರೆ ಬಂಡೆಯ ಅಂಚಿನ ಕೆಳಗೆ, ನೀರಿನಲ್ಲಿ, ಬಗ್ಗಿಕೊಂಡೇ ಹೋಗಬೇಕು. ಮರಳು ಮುಖಕ್ಕೆ ಸೂಜಿಯಂತೆ ಹೊಡೆಯುತ್ತಿತ್ತು. ನನ್ನ ಮೊಣಕಾಲು ಮಾತು ಕೇಳಲಿಲ್ಲ. ಅರ್ಧ ದಾರಿಯಲ್ಲಿ ಭಂಡಾರಿ ಬಕೆಟ್ಟು ಕಿತ್ತುಕೊಂಡು, "ನೀವು ಮುಚ್ಚಳ ಹೊಡೆಯಿರಿ ಸಾರ್, ನಿಮ್ಮ ಡಿಪಾರ್ಟ್‌ಮೆಂಟ್ ಅದು," ಎಂದ. ಗಾಳಿಯಲ್ಲಿ ಮುಚ್ಚಳದ ಸದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ, ಆದರೆ ಗಾಳಿ ನಮ್ಮ ಕಡೆಯಿಂದ ಕ್ಯಾಂಪಿನ ಕಡೆಗೆ ಬೀಸುತ್ತಿತ್ತು. ಗಲ್‌ಗಳು ಬಂದವು, ಎಲ್ಲವೂ ಅಲ್ಲ.

ಗಾಳಿ ಇಳಿಯುವ ತನಕ ದಿನವೂ ಹಾಗೇ ಹೋದೆವು. ಇಳಿದ ಮೇಲೆ ತಜ್ಞೆ ನನ್ನನ್ನು ಮೊದಲ ಸಲ ತನ್ನ ಮರೆಯೊಳಗೆ ಕರೆದೊಯ್ದಳು. ಕಿಂಡಿಯಿಂದ ನೋಡಿದರೆ ಹಕ್ಕಿಗಳು ಮರಳಿನಲ್ಲಿ ಎದೆ ಮಟ್ಟ ಹುಗಿದು ಕೂತಂತೆ ಕಂಡವು. ಗಾಳಿ ಬೀಸಿದಷ್ಟೂ ಹೊತ್ತು ಅವು ಜಾಗ ಬಿಟ್ಟಿರಲಿಲ್ಲ. ಹತ್ತಿರದ ಒಂದು ಮೊಟ್ಟೆ ಮುಕ್ಕಾಲು ಮುಚ್ಚಿಹೋಗಿತ್ತು. ಅದರ ಹಕ್ಕಿ ಪಕ್ಕದಲ್ಲಿ ನಿಂತು, ಮೊಟ್ಟೆ ಎಲ್ಲಿ ಎಂದು ತಿಳಿಯದೆ ಕತ್ತು ತಿರುಗಿಸುತ್ತಿತ್ತು.

"ಸಂಜೆ ತಂಪಾದ ಮೇಲೆ ಬೆರಳಲ್ಲಿ ಒಂದಿಷ್ಟು ಮರಳು ಸರಿಸಿದರೆ ಸಾಕಲ್ಲ," ಎಂದೆ.

"ಇಲ್ಲ ಅಂಕಲ್."

"ಒಂದೇ ನಿಮಿಷದ ಕೆಲಸ."

"ನೀವು ಒಂದಕ್ಕೆ ಹೋದ್ರೆ ನೂರು ಏಳ್ತವೆ. ಗಾಳಿ ಮಾಡಿದ್ದು ಗಾಳಿಯ ಲೆಕ್ಕ. ನಾವು ಮಾಡಿದ್ದು ಮಾತ್ರ ನಾವು ಸರಿ ಮಾಡುವಾ."

ಕಣ್ಣೆದುರು ಕೆಟ್ಟದ್ದನ್ನು ಸರಿಪಡಿಸದೆ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಆ ಹೊತ್ತು ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತೆ. ಕಷ್ಟದ ಕೆಲಸಗಳಲ್ಲಿ ಅದೂ ಒಂದು.

ಮರಿಗಳು ಮೊಟ್ಟೆಯೊಡೆದು ಬಂದದ್ದು ಒಂದೆರಡು ದಿನಗಳ ಅಂತರದಲ್ಲಿ, ಎಲ್ಲ ಒಟ್ಟಿಗೆ ಎಂಬಂತೆ; ತಡವಾಗಿ ಕೂತ ಪೂರ್ವದಂಚಿನವು ಮಾತ್ರ ಆಮೇಲೆ. ಮರಳಿನದೇ ಬಣ್ಣದ ತುಪ್ಪಳದ ಉಂಡೆಗಳು. ಕೆಲವೇ ದಿನಗಳಲ್ಲಿ ಅವು ಎದ್ದು ಓಡಾಡತೊಡಗಿದವು, ಆಮೇಲೆ ಒಂದೇ ದೊಡ್ಡ ಹಿಂಡಾದವು. ಕೆಲವು ದೊಡ್ಡ ಹಕ್ಕಿಗಳು ಹಿಂಡಿನ ಸುತ್ತ ಕಾವಲು, ಉಳಿದವು ಮೀನಿಗೆ. ಮೀನು ಕಚ್ಚಿಕೊಂಡು ಬಂದ ತಾಯಿ ಮೇಲಿನಿಂದ ಕೂಗಿದರೆ ಹಿಂಡಿನಿಂದ ಅದರದೇ ಮರಿ ಓಡಿ ಬರುತ್ತಿತ್ತು. ಬೇರೆ ಮರಿ ಬಂದರೆ ಏಟು.

ತಜ್ಞೆಯ ಲೆಕ್ಕಾಚಾರದಂತೆ ಮೀನಿನ ಬಕೆಟ್ಟು ಅಷ್ಟರಲ್ಲಿ ನಿಂತಿತ್ತು. ಮುಚ್ಚಳ ಬಡಿಯುವುದನ್ನೂ ನಿಲ್ಲಿಸಿದೆವು. ಉಳಿದದ್ದು ಭಂಡಾರಿಯ ಒಂದು ಹಿಡಿ ಮಾತ್ರ. ಅದಕ್ಕಾಗಿ ನಾಖುದಾ ಪ್ರತಿದಿನ ಬೋಟು ತೆಗೆಯುತ್ತಿದ್ದರು, ಬೇಡ ಎಂದವರಿಲ್ಲ. ದಿಬ್ಬದಲ್ಲಿ ಗಲ್‌ಗಳು ದಿನದಿಂದ ದಿನಕ್ಕೆ ಕಡಿಮೆಯಾದವು. ಒಂದು ದಿನ ಒಂದೂ ಬರಲಿಲ್ಲ.

ನಾವು ಬೋಟಿನಲ್ಲಿ ಕೂತು ಕಾದೆವು. ಫಾಯಿಲ್ ಎಲೆಯ ಮೇಲೆ ಅನ್ನ ಹಾಗೇ ಇತ್ತು. ನಮ್ಮ ಕಡೆ ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯ ಹಿರಿಯರು ಒಂದೊಂದೇ ಮಾತು ಕೊಡುತ್ತಾರೆ: ಹೆಂಡತಿಯನ್ನು ನೋಡಿಕೊಳ್ಳುತ್ತೇವೆ, ಹಟ್ಟಿಯ ದನ ಮಾರುವುದಿಲ್ಲ, ಹೀಗೆ. ಸರಿಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ. ಗಲ್‌ಗಳು ಬಾರದಂತೆ ಮಾಡಲು ಇಷ್ಟು ದಿನ ದುಡಿದವರು ನಾವೇ. ಆ ದಿನ ಅದು ಫಲಿಸಿತ್ತು. ಬೋಟಿನಲ್ಲಿ ಯಾರೂ ಸಂತೋಷ ತೋರಿಸಲಿಲ್ಲ. ತಜ್ಞೆಯೂ ಅಂದು ಜೊತೆಗಿದ್ದಳು. "ಸಾರಿ," ಎಂದಳು ಮೆಲ್ಲಗೆ.

ಭಂಡಾರಿ ನೀರಿಗೆ ಇಳಿದು ದಿಬ್ಬಕ್ಕೆ ಹೋದ. ಎಲೆಯ ಎದುರು ನಿಂತು ತುಳುವಿನಲ್ಲಿ ಏನೋ ಹೇಳಿದ. ಗಾಳಿಗೆ ಅರ್ಧ ಮಾತ್ರ ಕೇಳಿಸಿತು. ವರ್ಷಾಂತದ ಕ್ರಿಯೆಗೆ ಬರುತ್ತೇನೆ, ತಮ್ಮನ ಕೈಯಲ್ಲಿ ಮಾಡಿಸುವುದಿಲ್ಲ, ನಾನೇ ಬರುತ್ತೇನೆ ಎಂಬುದು ತಿಳಿಯಿತು. ಆಮೇಲೆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ನೀರಿನಲ್ಲಿ ಮೊಣಕಾಲ ತನಕ ನಡೆದು ಅನ್ನವನ್ನು ಬಿಟ್ಟ. ನೀರು ತಿಳಿಯಾಗಿತ್ತು. ಅಗುಳುಗಳು ಇಳಿಯುವಷ್ಟರಲ್ಲಿ ಸಣ್ಣ ಮೀನುಗಳು ಮುತ್ತಿಕೊಂಡವು.

ಹಿಂದೆ ಬಂದು ಬೋಟು ಹತ್ತಿದ.

"ಮೀನು ಮುಟ್ಟಿದ್ರೂ ಆಗ್ತದೆ," ಎಂದ. "ಜೀವಮಾನ ಪೂರ್ತಿ ಅಪ್ಪ ಅವುಗಳನ್ನು ಹಿಡಿದ. ಈಗ ಲೆಕ್ಕ ಚುಕ್ತಾ."

"ಯಲ್ಲಾ, ಹೋಗುವಾ," ಎಂದು ನಾಖುದಾ ಎಂಜಿನ್ ಚಾಲೂ ಮಾಡಿದರು. ಆ ಸಂಜೆಯೇ ನಾನು ಕಚೇರಿಗೆ ಫೋನ್ ಮಾಡಿ ಅವನ ರಜೆಯ ಮಾತೆತ್ತಿದೆ. ಪಾಸ್‌ಪೋರ್ಟ್ ಬಂದಿದೆ, ಕೆಲಸ ಮುಗಿಯುತ್ತಲೇ ಕಳಿಸುತ್ತೇವೆ ಎಂದರು.

ಜುಲೈ ಕಳೆಯುತ್ತಿದ್ದಂತೆ ಮರಿಗಳ ಹಿಂಡು ಬಯಲು ಬಿಟ್ಟು ದಡಕ್ಕೆ ಇಳಿಯಿತು. ದಾರಿ ನಮ್ಮ ಕ್ಯಾಂಪಿನ ಪಕ್ಕದಿಂದಲೇ. ಹಗ್ಗವನ್ನು ನಾನು ಮುಂಚೆಯೇ ಬಿಚ್ಚಿ ಸುತ್ತಿಟ್ಟಿದ್ದೆ. ನಾವು ನಾಲ್ವರೂ ಕ್ಯಾಬಿನ್ನಿನೊಳಗೆ ಸೇರಿ ಕಿಟಕಿಯಿಂದ ನೋಡಿದೆವು. ಅವು ಸಿಮೆಂಟ್ ಮೂಟೆಗಳ ನಡುವೆ, ಕ್ರೇನಿನ ಚಕ್ರಗಳ ಕೆಳಗೆ, ಒಂದನ್ನೊಂದು ನೂಕಿಕೊಂಡು, ನಮ್ಮನ್ನು ಲೆಕ್ಕಕ್ಕೇ ಇಡದೆ ಹಾದುಹೋದವು. ಹಿಂದೆ ಉಳಿದ ಒಂದು ಮರಿ ಅಡುಗೆಮನೆಯ ಮೆಟ್ಟಿಲಿನ ಮೇಲೆ ಹತ್ತಿ ನಿಂತಿತು. ತಾಯಿ ಮೇಲಿನ ಗಾಳಿಯಲ್ಲಿ ಕೂಗಿತು, ಮರಿ ಧುಮುಕಿ ಓಡಿತು.

ದಡದಲ್ಲಿ ಅವು ರೆಕ್ಕೆ ಬಿಚ್ಚಿ ಗಾಳಿಗೆ ಹಿಡಿಯುವುದನ್ನು ಕಲಿತವು. ಒಂದೊಂದೇ ನೀರಿನ ಮೇಲೆ ಎದ್ದು, ಬಿದ್ದು, ಮತ್ತೆ ಎದ್ದವು. ಪ್ರತಿ ಬೆಳಿಗ್ಗೆ ದಡದ ಹಿಂಡು ಚಿಕ್ಕದಾಗುತ್ತಿತ್ತು. ಒಂದು ಬೆಳಿಗ್ಗೆ ದಡ ಖಾಲಿ ಇತ್ತು.

ತಜ್ಞೆ ಅಂದು ಮೊದಲ ಸಲ ಬಯಲಿನ ನಡುವೆ ನಡೆದಳು. ನನ್ನನ್ನೂ ಕರೆದಳು. ನೆಲ ಹಿಕ್ಕೆಯಿಂದ ಸುಣ್ಣ ಬಳಿದಂತೆ ಬಿಳುಪಾಗಿತ್ತು, ನಾತ ಮೂಗಿಗೆ ಅಡರುತ್ತಿತ್ತು. ಒಡೆಯದ ಕೆಲವು ಮೊಟ್ಟೆ, ಸತ್ತ ಕೆಲವು ಮರಿ, ಅವುಗಳನ್ನು ಅವಳು ಒಂದೊಂದಾಗಿ ನೋಡಿ ಗುರುತು ಮಾಡಿಕೊಂಡಳು. ಬಯಲಿನ ಕೊನೆ ಮುಟ್ಟಿದಾಗ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿದಳು.

"ಹೇಗೆ?" ಎಂದೆ.

"ನಾನು ಹೆದರಿದ್ದಕ್ಕಿಂತ ತುಂಬಾ ಒಳ್ಳೇದು. ಮುಂದಿನ ವರ್ಷ ಬರ್ತವೆ ಅಂಕಲ್," ಎಂದಳು. ಸ್ವಲ್ಪ ತಡೆದು, "ಐ ಥಿಂಕ್," ಎಂದು ಸೇರಿಸಿದಳು.

ನನ್ನ ಫೋನು ರಿಂಗಾಯಿತು. ರುವೈಸಿನ ಕಚೇರಿ. ಬಾರ್ಜು ಸಿದ್ಧವಿದೆ, ಯಾವಾಗ ಕಳಿಸಬಹುದು, ಹಕ್ಕಿಗಳ ಕತೆ ಏನು ಎಂದು ಕೇಳಿದರು. ನಾನು ಒಮ್ಮೆ ಸುತ್ತ ನೋಡಿದೆ.

"ನಾಳೆಯೇ ಕಳಿಸಿ," ಎಂದೆ. "ಇಲ್ಲಿ ಈಗ ನಾವು ಮಾತ್ರ ಇದ್ದೇವೆ."